ಖಾಲಿ ಎಣಿಕೆ

ಮಾರ್ಚ್ 1

ಗುಂಡುಸೂಜಿಗೆ ದೊಡ್ಡಪ್ಪನ ಆಶೀರ್ವಾದ.

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದ್ದೀಯಲ್ಲ, ನಿನಗೆ ಒಳ್ಳೆಯದಾಗಲಿ. ಆರನೇ ಕ್ಲಾಸಿನಲ್ಲಿ ಮೇಷ್ಟ್ರ ಕಡೆ ಸ್ಲೇಟು ಬೀಸಿ ಹೊರಗೆ ಬಂದವನು ನಾನು. ಆಮೇಲೆ ಬರೆದದ್ದೆಲ್ಲ ಅಳತೆ, ತಾರೀಖು, ಸಹಿ. ಜಗತ್ತಿಗೆಲ್ಲ ಫೋನಿದೆ. ನಿಮ್ಮ ಸ್ಟೇಷನ್ನಿಗೆ ಮಾತ್ರ ಫೋನು ತಂದರೆ ಉಪಗ್ರಹದ ಪಿಸುಮಾತು ಕೇಳಿಸುವುದಿಲ್ಲವಂತೆ. ಕಚೇರಿಯ ಫೋನಿನಲ್ಲಿ ಮಾತಾಡಿದರೆ ಹತ್ತು ಜನ ಕಿವಿ ನಿಗುರಿಸುತ್ತಾರಂತೆ. ಹದಿನೈದು ದಿನಕ್ಕೊಮ್ಮೆ, ಗುರುವಾರ, ಸಾಮಾನಿನ ಗಾಡಿ ಬಂದಾಗಲೇ ಕಾಗದವಂತೆ. ಇಷ್ಟು ಬರೆಯುವುದಕ್ಕೇ ಅರ್ಧ ದಿನ ಹೋಯಿತು. ನಿನ್ನ ದೊಡ್ಡಮ್ಮ ಎದುರಿಗೆ ಕೂತು, "ಏನ್ರೀ, ಪರೀಕ್ಷೆ ಬರೀತಿದೀರಾ? ಕಾಪಿ ಹೊಡೆಯೋಕೆ ಚೀಟಿ ಕೊಡ್ಲಾ?" ಅಂತ ನಗುತ್ತಿದ್ದಾಳೆ.

ವಿಷಯಕ್ಕೆ ಬರುತ್ತೇನೆ. ಮೊನ್ನೆ 27ನೇ ತಾರೀಖು ನಿನ್ನ ಹೆಸರು ಪತ್ರಿಕೆಯಲ್ಲಿ ಬಂತು. ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದು ಸುತ್ತುವ ಕಣಗಳು ಎಲ್ಲಿ ಹುಟ್ಟುತ್ತವೆ ಅಂತ ಕಂಡುಹಿಡಿದಿದ್ದೀಯಂತೆ. ನಿಮ್ಮ ಮುಖ್ಯಸ್ಥರು ನಾಲ್ಕು ಜನರೆದುರು ಹೇಳಿದರಂತೆ. ವರ್ಕ್‌ಶಾಪಿನ ಬೋರ್ಡಿಗೆ ಕಟಿಂಗ್ ಅಂಟಿಸಿದೆ. ಆ ಕಣಗಳನ್ನು ಎಣಿಸುವ ಉಪಕರಣದ ಬಾಯಿಗೆ ಕೂರಿಸಿದ ಬಳೆ ನನ್ನ ಲೇತಿನಲ್ಲಿ ತಿರುಗಿದ್ದು ಅಂತ ಯಾರೂ ಬರೆದಿರಲಿಲ್ಲ. ಹೋಗಲಿ, ಬಳೆಗೆ ಹೆಸರೇನು.

ಮಾರನೇ ದಿನ ನಿಮ್ಮ ಸಂಸ್ಥೆಯಿಂದ ಒಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನೋಟ್‌ಬುಕ್ಕು. ಎರಡನೇ ಉಪಗ್ರಹ ಕಳಿಸುತ್ತಾರಂತೆ, ಎರಡನೇ ಬಳೆ ಬೇಕಂತೆ.

"ಮೊದಲಿನದರ ಹಾಗೇ ಇರಬೇಕು ಮೇಸ್ತ್ರಿ. ಲೋಹಾನೂ ಅದೇ. ಯಾವ ಗಟ್ಟಿಯಿಂದ ಮಾಡಿದ್ರಿ?"

"ನೀವೇ ಕಳಿಸಿದ್ದು. ಅಲ್ಯೂಮಿನಿಯಂ. ಹನ್ನೊಂದನೇ ನಂಬರು. ರಿಜಿಸ್ಟರಿನಲ್ಲಿದೆ."

"ರಿಜಿಸ್ಟರ್ ನೋಡಬಹುದಾ?"

"ಕಣ್ಣಿದ್ದರೆ ನೋಡಿ."

ನೋಡಿದ, ಬರೆದುಕೊಂಡ, ಹೋದ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೂ ಮೊದಲು, 20ನೇ ತಾರೀಖಿನ ನಿನ್ನ ಕಾಗದದಲ್ಲಿ ದೊಡ್ಡಮ್ಮನ ಮಂಡಿನೋವು ವಿಚಾರಿಸಿ, ಕೊನೆಗೆ "ಹಾಗೇ ಸುಮ್ಮನೆ ಕೇಳುತ್ತಿದ್ದೇನೆ, ಬಳೆಯ ಲೋಹ ಯಾವ ಗಟ್ಟಿಯದು?" ಅಂತ ಬಾಲ ಸೇರಿಸಿದ್ದೀಯ. ನೀನು ಹುಟ್ಟಿದಾಗಿನಿಂದ ನೋಡಿದ್ದೇನೆ. ಸುಮ್ಮನೆ ಯಾವುದನ್ನೂ ಕೇಳಿದವಳಲ್ಲ. ಯಾಕೆ ಕೇಳಿದೆ? ಮತ್ತೆ ಆ ಕಣಗಳ ಕಥೆಯನ್ನು ನನಗೆ ತಿಳಿಯುವ ಹಾಗೆ ಬರೆ. ಪತ್ರಿಕೆಯವನು ಬರೆದದ್ದು ಅವನಿಗೇ ತಿಳಿದಿಲ್ಲ.

ದೊಡ್ಡಪ್ಪ


ಮಾರ್ಚ್ 20

ಪೂಜ್ಯ ದೊಡ್ಡಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನಿಮ್ಮ ಅಕ್ಷರ ನೀವು ಹೇಳುವಷ್ಟು ಕೆಟ್ಟದಾಗಿಲ್ಲ.

ಕಣಗಳ ವಿಷಯ ಹೀಗೆ. ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದರ ಹಿಡಿತಕ್ಕೆ ಸಿಕ್ಕ ಕಣಗಳು ತಪ್ಪಿಸಿಕೊಳ್ಳಲಾರದೆ ಭೂಮಿಯ ಸುತ್ತ ಪಟ್ಟಿಯಂತೆ ಸುತ್ತುತ್ತಿರುತ್ತವೆ. ಅವು ಬಂದದ್ದು ಎಲ್ಲಿಂದ ಎಂಬುದೇ ಜಗಳ. ಹೆಚ್ಚಿನವು ಹೊರಗಿನವು: ಸೂರ್ಯನಿಂದ ಬೀಸಿ ಬಂದು, ಮೆಲ್ಲಗೆ ಒಳಕ್ಕೆ ಸರಿಯುತ್ತ ವೇಗ ಪಡೆದವು. ಆದರೆ ಪಟ್ಟಿಯ ತೀರ ಒಳ ಅಂಚಿನವು ಅಲ್ಲಿಯೇ ಹುಟ್ಟಿದವು ಎಂಬುದು ನನ್ನ ವಾದ. ದೂರದ ನಕ್ಷತ್ರಗಳಿಂದ ಬರುವ ಕಿರಣಗಳು ನಮ್ಮ ಗಾಳಿಗೆ ಬಡಿದಾಗ ನ್ಯೂಟ್ರಾನ್ ಎಂಬ ಕಣಗಳು ಸಿಡಿಯುತ್ತವೆ. ಅವಕ್ಕೆ ಅಯಸ್ಕಾಂತದ ಹಂಗಿಲ್ಲ. ಕೆಲವು ಮೇಲಕ್ಕೆ ಹಾರುತ್ತವೆ. ಆದರೆ ಅವುಗಳ ಆಯಸ್ಸು ಸುಮಾರು ಕಾಲು ಗಂಟೆ. ದಾರಿಯಲ್ಲೇ ಒಡೆದು ಹೋಗುತ್ತವೆ. ಒಡೆದ ಚೂರುಗಳಿಗೆ ಹಂಗುಂಟು, ಅವು ಅಲ್ಲೇ ಸಿಕ್ಕಿಬೀಳುತ್ತವೆ.

ಇದಕ್ಕೆ ನನ್ನ ಆಧಾರ, ಎಣಿಕೆಯ ಸ್ಥಿರತೆ. ಸೂರ್ಯ ಕೆರಳಿದರೂ ತಣ್ಣಗಿದ್ದರೂ ಒಳ ಅಂಚಿನ ಎಣಿಕೆ ಏರುವುದಿಲ್ಲ, ಇಳಿಯುವುದಿಲ್ಲ. ಹೊರಗಿನಿಂದ ಬಂದವಾಗಿದ್ದರೆ ಏರಿಳಿಯಬೇಕಿತ್ತು.

ಲೋಹದ ಬಗ್ಗೆ ಕೇಳಿದ್ದು ಕಡತಕ್ಕಾಗಿ, ಅಷ್ಟೆ. ಹನ್ನೊಂದನೇ ಗಟ್ಟಿ ಎಂದು ಬರೆದುಕೊಂಡಿದ್ದೇನೆ. ಅದು ಹನ್ನೊಂದೇ ತಾನೆ?

ದೊಡ್ಡಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ
ಗುಂಡುಸೂಜಿ


ಮಾರ್ಚ್ 29

ಗುಂಡುಸೂಜಿಗೆ,

"ಹನ್ನೊಂದೇ ತಾನೆ" ಅಂದರೆ ಏನರ್ಥ? ನಲವತ್ತೊಂದು ವರ್ಷದಿಂದ ರಿಜಿಸ್ಟರ್ ಬರೆಯುತ್ತಿದ್ದೇನೆ. ಬರೆದದ್ದು ಬರೆದದ್ದು. ಪೊಲೀಸರು ಕಳ್ಳನನ್ನು ಕೇಳುವ ಹಾಗೆ ಎರಡೆರಡು ಸಲ ಕೇಳಬೇಡ.

ನಿನ್ನ ಕಣಗಳ ಕಥೆ ಅರ್ಥವಾಯಿತು. ಊಟದ ಹೊತ್ತಿನಲ್ಲಿ ವರ್ಕ್‌ಶಾಪಿನ ಹುಡುಗಿಯರಿಗೆ ಹೇಳಿದೆ. ಡ್ರಿಲ್ಲಿಂಗ್ ಮಾಡುವವಳು, "ಅಂದ್ರೆ ಹೊರಗಿಂದ ಬಂದ ಕಳ್ಳ ಅಲ್ಲ, ಮನೆಯಲ್ಲೇ ಹುಟ್ಟಿದ ಕಳ್ಳ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಲೇತಿನ ಮುಂದೆ ನಿಂತಾಗ ನಗು ಬರಲಿಲ್ಲ.

ಯಾಕೆ ಅಂದರೆ, ಈ ಸ್ಥಿರತೆ ಅನ್ನುವುದನ್ನು ನನ್ನ ಕಸುಬಿನಲ್ಲಿ ಯಾರೂ ನಂಬುವುದಿಲ್ಲ. ಕೆಲಸ ಬದಲಾದರೂ, ಲೋಹ ಬದಲಾದರೂ, ವೇಗ ಬದಲಾದರೂ ಒಂದೇ ಸಮನೆ ಗುಂಯ್ ಅನ್ನುವ ಸದ್ದು ಬಂದರೆ ಅದು ಕೆಲಸದ ಸದ್ದಲ್ಲ, ಯಂತ್ರದ ಸದ್ದು. ಆಕಾಶದ ವಿಷಯ ನನಗೆ ಗೊತ್ತಿಲ್ಲ. ನೀನು ಓದಿದವಳು. ಆದರೆ ಓದಿದವಳು ಲೆಕ್ಕ ಹೇಳು: ಪತ್ರಿಕೆಯಲ್ಲಿ ಬಂದದ್ದು ಫೆಬ್ರವರಿ 27. ನೀನು ಲೋಹದ ಬಗ್ಗೆ ನನ್ನನ್ನು ಕೇಳಿದ್ದು ಫೆಬ್ರವರಿ 20. ಡಂಗುರ ಹೊಡೆಯುವುದಕ್ಕೆ ಒಂದು ವಾರ ಮೊದಲೇ ನಿನಗೆ ಬಳೆಯ ಮೇಲೆ ಅನುಮಾನ ಇತ್ತು. ಇದ್ದೂ ಹೊಡೆಸಿದೆ. ಅಥವಾ ಕಣಗಳು ಸುಳ್ಳಾದರೆ ತಲೆಗೆ ಕಟ್ಟಲು ಒಬ್ಬ ಓದದ ಮುದುಕ ಇರಲಿ ಅಂತ ಮೊದಲೇ ನನ್ನ ಕೈಬರಹ ತರಿಸಿಕೊಳ್ಳುತ್ತಿದ್ದೀಯ. ಇವೆರಡರಲ್ಲಿ ಯಾವುದು?

ನಿಮ್ಮಪ್ಪ ಇದ್ದಿದ್ದರೆ ನಾನು ಅವನ ಹತ್ತಿರ ಕೇಳುತ್ತಿದ್ದೆ. ಅವನಿಲ್ಲ. ಆದ್ದರಿಂದ ನಿನ್ನನ್ನೇ ಕೇಳಬೇಕು.

ದೊಡ್ಡಪ್ಪ


ಎಪ್ರಿಲ್ 17

ದೊಡ್ಡಪ್ಪನವರಿಗೆ,

ನನ್ನ ಬಗ್ಗೆ ನಿಮಗೆ ಇಂಥ ಯೋಚನೆ ಬಂತಲ್ಲ ಎಂದು ಎರಡು ವಾರ ಬರೆಯಲು ಮನಸ್ಸಾಗಲಿಲ್ಲ.

ರಿಜಿಸ್ಟರಿನಲ್ಲಿರುವುದು ಸಾಕು. ಇನ್ನು ಕೇಳುವುದಿಲ್ಲ. ಯಾರಾದರೂ ಬಂದು ಕೇಳಿದರೂ ರಿಜಿಸ್ಟರನ್ನೇ ತೋರಿಸಿ, ಮಾತು ಬೆಳೆಸಬೇಡಿ.

ಒಂದೇ ವಿನಂತಿ. ನೀವು ಯಾವಾಗಲೂ ಎರಡು ಮಾಡಿ ಒಂದನ್ನು ಕಪಾಟಿನಲ್ಲಿ ಇಟ್ಟುಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಆ ಜೋಡಿ ಬಳೆಯನ್ನು ಯಾರ ಕೈಗೂ ಕೊಡಬೇಡಿ.

ಗುಂಡುಸೂಜಿ


ಎಪ್ರಿಲ್ 26

ಗುಂಡುಸೂಜಿಗೆ,

ಕೊಡಬೇಡಿ ಅಂದೆಯಲ್ಲ, ಅದಕ್ಕೇ ಕೊಟ್ಟೆ.

ಬೆಸುಗೆ ಸರಿಯಿದೆಯೇ ಅಂತ ಕಿರಣ ಹಾಯಿಸಿ ಪೈಪಿನ ಫೋಟೋ ತೆಗೆಯುವ ಕೆಲಸದಲ್ಲಿದ್ದ ನನ್ನ ಗೆಳೆಯ ನಿನಗೆ ನೆನಪಿರಬಹುದು. ಕಿರಣ ಅಳೆಯುವ ಮೀಟರನ್ನು ಸದಾ ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದ. ಎಲ್ಲರೂ ಅವನನ್ನು ಟಿಕ್‌ಟಿಕ್ ಅನ್ನುತ್ತಿದ್ದೆವು. ಕೆಲಸ ಬಿಟ್ಟರೂ ಮೀಟರು ಬಿಟ್ಟಿಲ್ಲ. ಬಳೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವನ ಮನೆಗೆ ಹೋದೆ.

"ಏನಯ್ಯಾ, ಈ ವಯಸ್ಸಲ್ಲಿ ಬಳೆ ತಂದಿದೀಯ, ಯಾರಿಗೆ?" ಅಂದ.

"ನಿನಗೇ. ಕೈ ಚಾಚು."

ಮೇಜಿನ ಮೇಲೆ ಇಟ್ಟು ಮೀಟರು ಹತ್ತಿರ ತಂದ. ಮೊದಲು ಅಲ್ಲೊಂದು ಇಲ್ಲೊಂದು ಟಿಕ್ ಅನ್ನುತ್ತಿದ್ದದ್ದು, ಬಳೆಯ ಹತ್ತಿರ ಹೋದ ಹಾಗೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಶುರುವಾಯಿತು. ಟಿಕ್‌ಟಿಕ್ ಮುಖದ ನಗು ನಿಂತಿತು. ಮೀಟರು ದೂರ ಒಯ್ದ. ಸುಮ್ಮನಾಯಿತು. ಮತ್ತೆ ತಂದ. ಮತ್ತೆ ಸಿಡಿಯಿತು.

"ಇದು ಅಲ್ಯೂಮಿನಿಯಂ ಅಂತ ಯಾವ ಮುಠ್ಠಾಳ ಹೇಳಿದ್ದು?"

"ನಾನು."

"ಸುಳ್ಳು ಹೇಳಿದ್ದೀಯ. ತೂಕ ನೋಡು, ಗಾಳಿ ಹಿಡಿದ ಹಾಗಿದೆ. ಕತ್ತರಿಸೋವಾಗ ಸಿಪ್ಪೆ ಹತ್ತಿಕೊಳ್ತಾ?"

"ಒಂದು ಸಲ. ಬೆಳ್ಳಗೆ ಉರೀತು. ಮರಳು ಸುರಿದೆ."

"ಮೆಗ್ನೀಸಿಯಂ. ಹಳೇ ವಿಮಾನದ ಇಂಜಿನ್ ಕವಚದ್ದು. ಬಿಸಿ ತಡ್ಕೊಳ್ಲಿ ಅಂತ ಅದಕ್ಕೆ ಥೋರಿಯಂ ಬೆರೆಸ್ತಿದ್ರು. ಥೋರಿಯಂ ತಾನೇ ತಾನಾಗಿ ಕಣ ಉಗುಳ್ತಾ ಇರುತ್ತೆ. ನೀನು ಸತ್ತ ಮೇಲೂ ಉಗುಳುತ್ತೆ, ನಿನ್ನ ಮೊಮ್ಮಕ್ಕಳು ಸತ್ತ ಮೇಲೂ ಉಗುಳುತ್ತೆ, ಒಂದೇ ಸಮ. ಮುಟ್ಟಿದ್ರೆ ಏನೂ ಆಗಲ್ಲ. ಉಜ್ಜಿ ಪುಡಿ ಮಾಡಿ ಮೂಗಿಗೆ ಎಳ್ಕೋಬೇಡ, ಅಷ್ಟೆ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೇಳು. ನೀವು ಕಳಿಸಿದ ಹನ್ನೊಂದನೇ ಗಟ್ಟಿಯನ್ನು ಮುಕ್ಕಾಲು ತಿರುಗಿಸಿದ ಮೇಲೆ ಒಳಗೆ ಬಿರುಕು ಕಂಡಿತು. ಹೊಸ ಗಟ್ಟಿ ಕೇಳಿದ್ದರೆ ಮೂರು ವಾರ. ಉಪಗ್ರಹ ಹೊರಡುವುದಕ್ಕೆ ಉಳಿದದ್ದು ಎಂಟು ದಿನ. ಆಗಿನ್ನೂ ಪ್ರಯೋಗಾಲಯದಲ್ಲಿದ್ದ ನೀನು ದಿನಕ್ಕೆ ಎರಡು ಸಲ ಫೋನು ಮಾಡಿ, "ದೊಡ್ಡಪ್ಪ ಆಯ್ತಾ, ದೊಡ್ಡಪ್ಪ ಆಯ್ತಾ" ಅನ್ನುತ್ತಿದ್ದೆ. ಹಿಂದಿನ ಕೋಣೆಯಲ್ಲಿ ಹಳೆಯ ತುಂಡೊಂದಿತ್ತು. ಹಗುರ, ಗಟ್ಟಿ, ಟೂಲಿಗೆ ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತಿತ್ತು. ಅಂಥ ಲೋಹವನ್ನು ನಾನು ಜನ್ಮದಲ್ಲಿ ತಿರುಗಿಸಿರಲಿಲ್ಲ. ಅದರಿಂದ ಎರಡು ಬಳೆ ಮಾಡಿದೆ. ಕೂದಲೆಳೆಯಷ್ಟೂ ಅಳತೆ ತಪ್ಪಲಿಲ್ಲ. ರಿಜಿಸ್ಟರಿನಲ್ಲಿ ಮಾತ್ರ ಹನ್ನೊಂದು ಅಂತ ಬರೆದೆ. ಬೇರೆಯವರ ಕೆಲಸವಾಗಿದ್ದರೆ ಬರೆಯುತ್ತಿರಲಿಲ್ಲ. ನಮ್ಮ ಹುಡುಗಿಯದ್ದು, ಹೇಗೂ ಅವಳೇ ಪರೀಕ್ಷೆ ಮಾಡಿ ಸಹಿ ಹಾಕುತ್ತಾಳೆ, ಏನಾದರೂ ಇದ್ದರೆ ಅವಳಿಗೆ ಸಿಗುತ್ತದೆ ಅಂದುಕೊಂಡೆ.

ಈಗ ನನ್ನ ಪ್ರಶ್ನೆ. ಟಿಕ್‌ಟಿಕ್‌ನ ಹಳೆಯ ಮೀಟರಿಗೆ ಒಂದು ಗಳಿಗೆಯಲ್ಲಿ ಸಿಕ್ಕಿದ್ದು ನಿಮ್ಮ ಅಷ್ಟು ದೊಡ್ಡ ಪ್ರಯೋಗಾಲಯಕ್ಕೆ ಹೇಗೆ ಸಿಗಲಿಲ್ಲ?

ದೊಡ್ಡಮ್ಮನಿಗೆ ಹೇಳಿದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಿ, "ಮಗೂಗೆ ಮೊದಲೇ ಗೊತ್ತಿತ್ತು ಕಣ್ರೀ. ಇಲ್ದಿದ್ರೆ ಬಳೆ ಯಾರಿಗೂ ಕೊಡಬೇಡಿ ಅಂತ ಯಾಕೆ ಬರೀತಿದ್ಲು?" ಅಂದಳು. ನಾನು ಅವಳ ಮೇಲೆ ರೇಗಿದೆ. ರೇಗಿದ್ದು ಅವಳು ಹೇಳಿದ್ದು ಸುಳ್ಳು ಅಂತ ಅಲ್ಲ.

ದೊಡ್ಡಪ್ಪ


ಮೇ 15

ದೊಡ್ಡಪ್ಪ,

ನಿಮ್ಮ ಕಾಗದ ಬಂದ ಗಾಡಿಯಲ್ಲೇ ಉತ್ತರ ಕಳಿಸಬಹುದಿತ್ತು. ಬರೆದು ಹರಿದೆ. ಇದು ನಾಲ್ಕನೆಯದು.

ಉಪಕರಣವನ್ನು ಮುಚ್ಚಿದ ಕೋಣೆಯಲ್ಲಿ, ಎದುರಿಗೆ ಏನೂ ಇಡದೆ ಒಂದು ದಿನ ಓಡಿಸುವುದು ಪದ್ಧತಿ. ಅದಕ್ಕೆ ಖಾಲಿ ಎಣಿಕೆ ಎನ್ನುತ್ತೇವೆ. ಎದುರಿಗೆ ಏನೂ ಇಲ್ಲದಾಗ ಎಷ್ಟು ಬರುತ್ತದೆಯೋ ಅಷ್ಟು ಉಪಕರಣದ್ದೇ ಗದ್ದಲ. ನಿಮ್ಮ ಬಳೆ ಬರುವುದು ತಡವಾದ್ದರಿಂದ ಖಾಲಿ ಎಣಿಕೆಯನ್ನು ಹಳೆಯ ಪ್ಲಾಸ್ಟಿಕ್ ಬಳೆ ಹಾಕಿ ಮಾಡಿದ್ದೆವು. ನಿಮ್ಮದನ್ನು ಕೂರಿಸಿದ ಮೇಲೆ ಮತ್ತೊಮ್ಮೆ ಮಾಡಬೇಕಿತ್ತು. ಮಾಡಲಿಲ್ಲ. "ನಮ್ಮ ದೊಡ್ಡಪ್ಪ ಮಾಡಿದ್ದು, ಅದರಲ್ಲಿ ನೋಡುವುದೇನಿದೆ" ಎಂದು ಹೇಳಿ ಪರೀಕ್ಷೆ ಮುಗಿದಿದೆ ಎಂಬ ಚೀಟಿಗೆ ಸಹಿ ಹಾಕಿದೆ. ಹಾಗೆ ಹೇಳುವಾಗ ಹೆಮ್ಮೆಯಿತ್ತು.

ಫೆಬ್ರವರಿ ನಡುವೆ ಸೂರ್ಯನಿಂದ ದೊಡ್ಡ ಬಿರುಗಾಳಿ ಬಂತು. ಬೇರೆ ಉಪಕರಣಗಳ ಎಣಿಕೆಯೆಲ್ಲ ಅಲ್ಲೋಲಕಲ್ಲೋಲ. ನಮ್ಮದು ಒಂದು ಕೂದಲೂ ಅಲುಗಲಿಲ್ಲ. ಮೊದಲು ಕುಣಿದಾಡಿದೆ. ಆಮೇಲೆ ಅನುಮಾನ ಹತ್ತಿತು. ಅಷ್ಟು ಅಲುಗದಿರುವುದು ಪ್ರಕೃತಿಯಲ್ಲಿ ಕಡಿಮೆ. 20ರಂದು ನಿಮಗೆ ಬರೆದೆ. ಮುಖ್ಯಸ್ಥರು ನಿಮ್ಮ ಉತ್ತರ ಬರುವವರೆಗೆ ಕಾಯಲಿಲ್ಲ, ನಾನು ಕಾಯಿರಿ ಎನ್ನಲೂ ಇಲ್ಲ. ನೀವು ಹನ್ನೊಂದು ಎಂದು ಬರೆದಾಗ ನಂಬಬೇಕೆನಿಸಿತು, ನಂಬಿದೆ.

ಈಗ ಬಳೆಯ ಎಣಿಕೆಯನ್ನು ಆಕಾಶದ ಎಣಿಕೆಯಿಂದ ಬಿಡಿಸುವುದಕ್ಕೂ ದಾರಿಯಿಲ್ಲ. ಬ್ಯಾಟರಿ ಉಳಿಸಲು ಉಪಕರಣವನ್ನು ಪ್ರತಿ ಸುತ್ತಿನಲ್ಲೂ ಒಳ ಅಂಚಿನ ಒಂಬತ್ತು ನಿಮಿಷ ಮಾತ್ರ ಚಾಲೂ ಮಾಡುತ್ತೇವೆ. ಉಳಿದ ಹೊತ್ತು ಅದು ಮಲಗಿರುತ್ತದೆ. ಹೋಲಿಸಿ ನೋಡಲು ಬೇರೆ ಜಾಗದ ಎಣಿಕೆಯೇ ಇಲ್ಲ. ಕ್ರಮ ಬದಲಿಸಿ ಎಂದು ಕೇಳಿದರೆ ಯಾಕೆ ಎಂದು ಕೇಳುತ್ತಾರೆ.

ಜೂನ್ 20ಕ್ಕೆ ಸಮಿತಿ ಸೇರಿ ಎರಡನೇ ಉಪಕರಣಕ್ಕೆ ಒಪ್ಪಿಗೆ ಕೊಡುತ್ತದೆ. ಎರಡನೆಯದರ ಎಣಿಕೆ ಮೊದಲನೆಯದಕ್ಕೆ ಹೊಂದಿದರೆ ಮುಂದೆ ಯಾರೂ ಪ್ರಶ್ನೆ ಎತ್ತುವುದಿಲ್ಲ. ನಿಮ್ಮ ಕಪಾಟಿನಲ್ಲಿ ಜೋಡಿ ಬಳೆ ಇದೆ. ಇದಕ್ಕಿಂತ ಹೆಚ್ಚು ಬರೆಯಲಾರೆ. ನಿಮ್ಮ ಹೆಸರಿಗೆ ಈ ವಯಸ್ಸಿನಲ್ಲಿ ಮಸಿ ಹತ್ತುವುದು ನನಗೆ ಬೇಡ.

ಈ ಕಾಗದವನ್ನು ಇಟ್ಟುಕೊಳ್ಳಬೇಡಿ.

ಗುಂಡುಸೂಜಿ


ಮೇ 24

ಗುಂಡುಸೂಜಿಗೆ,

ಕಾಗದ ಇಟ್ಟುಕೊಂಡಿದ್ದೇನೆ.

ಮೂರು ದಿನ ವರ್ಕ್‌ಶಾಪಿಗೆ ಹೋಗಲಿಲ್ಲ. ಹೋದರೆ ಯಾರ ಮೇಲಾದರೂ ಸ್ಪಾನರ್ ಎಸೆಯುತ್ತಿದ್ದೆ. ದೊಡ್ಡಮ್ಮ ಕಾಗದ ಓದಿ ಅಂದಳು, ನಾನು ಓದಿ ಹೇಳಿದೆ. ಜೋಡಿ ಬಳೆ ಅನ್ನುವಲ್ಲಿಗೆ ಬಂದಾಗ ಕಾಗದ ಮಡಚಿದೆ. ಅವಳು ಕಸಿದುಕೊಂಡು ತಾನೇ ಓದಿದಳು. "ಇದು ನಮ್ಮ ಮಗು ಬರೆದಿದ್ದಾ?" ಅಂದಳು.

ನನ್ನ ಹೆಸರಿಗೆ ಮಸಿ ಹತ್ತಬಾರದು ಅಂದೆ. ನನ್ನ ಹೆಸರನ್ನು ಕೊಡೆ ಮಾಡಿಕೊಂಡು ನೀನು ಅದರ ಕೆಳಗೆ ನಿಲ್ಲಬೇಡ. ನನ್ನ ಮಸಿ ನಾನು ಒರೆಸಿಕೊಳ್ಳುತ್ತೇನೆ. ಮೊನ್ನೆ ರಿಜಿಸ್ಟರ್ ತೆಗೆದು, ಹನ್ನೊಂದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ನಡೆದದ್ದು ಬರೆದು ಆ ದಿನದ ತಾರೀಖು ಹಾಕಿದೆ. ಡ್ರಿಲ್ಲಿಂಗಿನವಳು ನೋಡಿ, "ಮೇಸ್ತ್ರಿ, ನೀವೂ ತಪ್ಪು ಮಾಡ್ತೀರಾ?" ಅಂದಳು. "ಮಾಡ್ತೀನಿ. ನೀನು ಕಲಿಯಬೇಡ" ಅಂದೆ.

ಎರಡನೇ ಬಳೆಯನ್ನು ಆ ತುಂಡಿನಿಂದ ಮಾಡುವುದಿಲ್ಲ. ಜೋಡಿಯನ್ನೂ ಕಳಿಸುವುದಿಲ್ಲ. ನೀನು ಕೇಳಿದ್ದು ಏನು ಅಂತ ನಿನಗೆ ಗೊತ್ತಿದೆಯೇ? ಒಂದು ತಪ್ಪು ಬಳೆಗೆ ಇನ್ನೊಂದು ತಪ್ಪು ಬಳೆ ಸಾಕ್ಷಿ ಹೇಳಲಿ ಅಂತ. ನಾನು ಸುಳ್ಳು ಬರೆದದ್ದು ಅವಸರಕ್ಕೆ. ನೀನು ಬರೆದದ್ದು ಮೂರು ಸಲ ಹರಿದು, ಯೋಚನೆ ಮಾಡಿ.

ಈಗ ಬೈಗುಳ ಮುಗಿಯಿತು. ಕೆಲಸದ ಮಾತು.

ದಾರಿಯಿಲ್ಲ ಅಂದೆ. ಇದೆ. ನನ್ನ ಬಳೆ ಎಲ್ಲಿದ್ದರೂ ಒಂದೇ ಸಮ ಉಗುಳುತ್ತದೆ. ಪಟ್ಟಿಯ ಅಂಚಿನಲ್ಲಿದ್ದರೂ ಅಷ್ಟೇ, ಪಟ್ಟಿಯಿಂದ ಕೆಳಗೆ ಏನೂ ಇಲ್ಲದ ಜಾಗದಲ್ಲಿದ್ದರೂ ಅಷ್ಟೇ. ನಿನ್ನ ಕಣಗಳು ಹಾಗಲ್ಲ, ಅವು ಅಂಚಿನಲ್ಲಿ ಮಾತ್ರ ಇರಬೇಕು. ಹಾಗಾದರೆ ಒಂದೇ ಒಂದು ಸುತ್ತಿನಲ್ಲಿ ಉಪಕರಣವನ್ನು ಅಂಚಿನಲ್ಲಿ ಮಲಗಿಸಿ, ಆ ಖಾಲಿ ಜಾಗದಲ್ಲಿ ಒಂಬತ್ತು ನಿಮಿಷ ಎಬ್ಬಿಸು. ಬ್ಯಾಟರಿಗೆ ಅಷ್ಟೇ ಖರ್ಚು. ನೆಲದ ಮೇಲೆ ನೀನು ಮಾಡದೆ ಸಹಿ ಹಾಕಿದ ಪರೀಕ್ಷೆಯನ್ನು ಆಕಾಶದಲ್ಲಿ ಮಾಡು.

ಅಂಚಿನಲ್ಲಿ ನೂರು ಬಂದು ಅಲ್ಲಿಯೂ ನೂರು ಬಂದರೆ ಎಲ್ಲವೂ ನನ್ನ ಹಿಂದಿನ ಕೋಣೆಯ ತುಂಡಿನದು. ನೀನು ನಾಲ್ಕು ಜನರೆದುರು ನಿಂತು ತಪ್ಪಾಯಿತು ಅನ್ನಬೇಕು. ನಾನೂ ಪಕ್ಕದಲ್ಲಿ ನಿಲ್ಲುತ್ತೇನೆ. ಅಲ್ಲಿ ಅರವತ್ತು ಬಂದರೆ ಉಳಿದ ನಲವತ್ತು ನಿನ್ನವು. ನಕ್ಷತ್ರದಿಂದ ಬಂದು ಗಾಳಿಗೆ ಬಡಿದು ಹುಟ್ಟಿದವು. ಅಷ್ಟು ಇದ್ದರೂ ನಿನ್ನ ಮಾತು ನಿಜ, ಸಣ್ಣದಾಗಿ ನಿಜ. ನಿನ್ನ ಭಯ ಏನು ಅಂತ ನನಗೀಗ ಗೊತ್ತಾಯಿತು. ಮುಖ್ಯಸ್ಥರು ಯಾಕೆ ಅಂತ ಕೇಳುತ್ತಾರೆ ಅಂತ ಅಲ್ಲ. ಸೊನ್ನೆ ಉಳಿದರೆ ಏನು ಮಾಡುವುದು ಅಂತ.

ನನಗೂ ಅದೇ ಭಯ. ಪತ್ರಿಕೆಯ ಕಟಿಂಗ್ ಬೋರ್ಡಿನಿಂದ ಇನ್ನೂ ತೆಗೆದಿಲ್ಲ.

ಮುಖ್ಯಸ್ಥರು ಯಾಕೆ ಅಂತ ಕೇಳಿದರೆ ಹೇಳುವುದಕ್ಕೆ ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಅವರಿಗೆ ಬರೆದದ್ದು. ಗಟ್ಟಿ ಬದಲಿಸಿದವನು ನಾನು, ರಿಜಿಸ್ಟರಿನಲ್ಲಿ ಸುಳ್ಳು ಬರೆದವನು ನಾನು ಅಂತ ಇದೆ. ಖಾಲಿ ಎಣಿಕೆಯ ಚೀಟಿಯ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ. ಅದನ್ನು ನಿನ್ನ ಕೈಯಲ್ಲಿ ನೀನು ಬರೆಯಬೇಕು. ಬರೆಯುತ್ತೀಯೋ, ನನ್ನ ಹಾಳೆಯನ್ನು ಮಾತ್ರ ಮುಂದಿಟ್ಟು ಸುಮ್ಮನಾಗುತ್ತೀಯೋ, ನನಗೆ ಗೊತ್ತಿಲ್ಲ. ಆರು ತಿಂಗಳ ಹಿಂದೆ ಯಾರಾದರೂ ಕೇಳಿದ್ದರೆ ಎದೆ ತಟ್ಟಿ ಹೇಳುತ್ತಿದ್ದೆ. ಈಗ ಹೇಳಲಾರೆ. ಅದು ನನಗೆ ಎಷ್ಟು ನೋವು ಅಂತ ಬರೆಯುವುದಕ್ಕೆ ನನಗೆ ಬರುವುದಿಲ್ಲ.

ಈ ಕಾಗದ ನಿನಗೆ 29ರ ಗಾಡಿಯಲ್ಲಿ ಸಿಗುತ್ತದೆ. ಉಪಗ್ರಹ ದಿನಕ್ಕೆ ಹಲವು ಸಲ ಸುತ್ತುತ್ತದೆ ಅಂತ ನೀನೇ ಹೇಳಿದ್ದೀಯ. ಎರಡು ವಾರ ಧಾರಾಳ. ಜೂನ್ 12ರ ಗಾಡಿ ಬರಿಗೈಯಲ್ಲಿ ಬಂದರೆ 16ಕ್ಕೆ ನಾನೇ ಜೋಡಿ ಬಳೆ ಹಿಡಿದು, ಟಿಕ್‌ಟಿಕ್‌ನನ್ನೂ ಕರೆದುಕೊಂಡು ಸಂಸ್ಥೆಯ ಬಾಗಿಲಿಗೆ ಹೋಗುತ್ತೇನೆ.

ಕ್ಷಮೆ ಬೇಡ, ಕಥೆ ಬೇಡ, ದೊಡ್ಡಮ್ಮನ ಮಂಡಿನೋವು ಬೇಡ. ಖಾಲಿ ಜಾಗದಲ್ಲಿ ಎಷ್ಟು ಬಂತು, ಚೀಟಿಯ ವಿಷಯ ಯಾರಿಗೆ ಹೇಳಿದೆ, ಇಷ್ಟನ್ನು ಬರೆ. ಜೂನ್ 12ರ ಗಾಡಿಯಲ್ಲಿ ಉತ್ತರ ಬರಬೇಕು.

ದೊಡ್ಡಪ್ಪ